ಅನ್ನಪೂರ್ಣಕ್ಕನ ಪಿಚ್ಚರ್ ಪೆಟಿಗಿ

ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗಗಳು ಇನ್ನೂ ಶುರುವಾಗಿಲ್ಲ. ಅಂಗಳಕ್ಕೆ ನೀರು ಹೊಡೆಯುವ ಸದ್ದು, ಹಾಲಿನವನ ಸೈಕಲ್ಲಿನ ಸದ್ದು, ಅಷ್ಟೇ. ತಗಡು ಹೊದಿಸಿದ ಸಣ್ಣ ಕೋಣೆಯಲ್ಲಿ ಅನ್ನಪೂರ್ಣ ಒಂದು ಹಾರ್ಡ್ ಡಿಸ್ಕನ್ನು ಕಿವಿಗೆ ಒತ್ತಿ ಹಿಡಿದು ಕೂತಿದ್ದಾರೆ. ಡಿಸ್ಕಿನಿಂದ ಇಳಿದ ವೈರುಗಳು ಹೊಟ್ಟೆ ಬಿಚ್ಚಿಟ್ಟ ಹಳೆಯ ಕಂಪ್ಯೂಟರಿಗೆ ಹೋಗಿವೆ. ಕಣ್ಣು ಮುಚ್ಚಿ ಕೇಳುತ್ತಾರೆ. ಒಳಗೆ ಟಕ್ ಟಕ್ ಎಂದು ಏನೋ ಬಡಿದುಕೊಳ್ಳುತ್ತದೆ, ತಿರುಗಲು ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಟಕ್ ಎನ್ನುತ್ತದೆ.

"ಇದೂ ಹೋಗೇತಿ," ಎನ್ನುತ್ತಾರೆ. ಎದ್ದು ಬಾಗಿಲ ತನಕ ಹೋಗುತ್ತಾರೆ. ಹೊರಗೆ ನೋಡುವಂಥದ್ದು ಏನಿಲ್ಲ. ಒಳಗೆ ಬಂದು ಕೂತು ಅದೇ ಡಿಸ್ಕನ್ನು ಮತ್ತೆ ಕಿವಿಗೆ ಹಿಡಿಯುತ್ತಾರೆ. ಒಲೆಯ ಮೇಲಿಟ್ಟ ಚಹಾ ಉಕ್ಕಿ ಹೋಗಿದೆ, ಅದರ ಕಡೆ ಲಕ್ಷ್ಯವಿಲ್ಲ.

ಡಿಸ್ಕು ಶಿಗ್ಲಿಯ ಒಂದು ಮನೆಯದು. ಅದರಲ್ಲಿ ಹನಮಂತವ್ವ ಎಂಬ ಹಿರಿಯಳು ಹಾಡಿದ ಮದುವೆ ಹಾಡುಗಳಿದ್ದವು. ಹನಮಂತವ್ವನಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಾತು ಹೋಗಿದೆ. ತುಳಸಿ ಲಗ್ನ ಮುಗಿದ ಮರುವಾರ ಅವರ ಮೊಮ್ಮಗಳು ವಿದ್ಯಾಶ್ರೀಯ ಮದುವೆ. ಅಷ್ಟರೊಳಗೆ ಹಾಡು ಸಿಗಬೇಕು, ಓಣಿಯ ಹೆಣ್ಣುಮಕ್ಕಳು ಅದನ್ನು ಕಲಿತು ಮುಗಿಸಬೇಕು. ಸಿಗದಿದ್ದರೆ ಆ ಮನೆಯ ಹಾಡು ಈ ಮದುವೆಗೂ ಇಲ್ಲ, ಮುಂದೆ ಯಾವ ಮದುವೆಗೂ ಇಲ್ಲ. ಅನ್ನಪೂರ್ಣ ದಸರೆಯಿಂದ ಈಚೆಗೆ ಒಂದು ಕಡೆ ನೆಟ್ಟಗೆ ಕೂತದ್ದನ್ನು ಮನೆಯವರು ನೋಡಿಲ್ಲ.

ಅವರು ಮಾಡುವ ಕೆಲಸಕ್ಕೆ ನಮ್ಮ ಕಡೆ ಇನ್ನೂ ಒಂದು ಹೆಸರು ಗಟ್ಟಿಯಾಗಿಲ್ಲ. ತಿಳಿದವರು ಸರ್ವರ್ ಎನ್ನುತ್ತಾರೆ. ಉಳಿದವರಿಗೆ ಅದು ಪಿಚ್ಚರ್ ಪೆಟಿಗಿ. ಮನೆಯ ಒಂದು ಮೂಲೆಯಲ್ಲಿ ಕೂರುವ ಕಂಪ್ಯೂಟರ್ ಪೆಟ್ಟಿಗೆ; ಅದಕ್ಕೆ ಪರದೆಯೂ ಇಲ್ಲ, ಒತ್ತುವ ಅಕ್ಷರದ ಹಲಗೆಯೂ ಇಲ್ಲ. ಮದುವೆ, ತೊಟ್ಟಿಲು, ಸೀಮಂತದ ಕ್ಯಾಸೆಟ್ಟುಗಳು, ಅಂಗಡಿಯಿಂದ ಕೊಂಡು ತಂದ ಸಿನಿಮಾ ಮತ್ತು ನಾಟಕದ ಡಿಸ್ಕುಗಳು, ಮೊಬೈಲಿನಲ್ಲಿ ತುಂಬಿ ತುಳುಕುವ ವಿಡಿಯೋಗಳು ಎಲ್ಲವೂ ಅದರೊಳಗೆ ಹೋಗುತ್ತವೆ. ಪಡಸಾಲೆಯಲ್ಲಿ ಕೂತವರು ಟಿವಿಯಲ್ಲಿ ನೋಡಬಹುದು, ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವರು ಮೊಬೈಲಿನಲ್ಲಿ ಬೇರೆಯದನ್ನು ನೋಡಬಹುದು. ಇಂಟರ್ನೆಟ್ ಬೇಕಿಲ್ಲ, ತಿಂಗಳ ಬಾಡಿಗೆ ಇಲ್ಲ.

ಕಡಿಮೆ ಖರ್ಚಿನಲ್ಲಿ ಮಾಡುವುದೇ ಇದರಲ್ಲಿನ ಕಸುಬು. ಹುಬ್ಬಳ್ಳಿಯ ಆಫೀಸುಗಳು ಹಳತಾಯಿತೆಂದು ತೆಗೆದುಹಾಕಿದ ಕಂಪ್ಯೂಟರುಗಳನ್ನು ಗಂಡ ಕಳಕೇಶ ತಮ್ಮ ಟಂಟಂ ಗಾಡಿಯಲ್ಲಿ ಹೇರಿಕೊಂಡು ಬರುತ್ತಾರೆ. ಅನ್ನಪೂರ್ಣ ಅವನ್ನು ಬಿಚ್ಚಿ ಗೋಡೆಗೆ ಬಣ್ಣ ಹಚ್ಚುವ ಬ್ರಷ್ಷಿನಿಂದ ದೂಳು ತೆಗೆಯುತ್ತಾರೆ, ಚೀರುವ ಫ್ಯಾನಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ಹನಿ ಬಿಡುತ್ತಾರೆ. ಬೇಡದ ಭಾಗ ತೆಗೆದುಹಾಕಿ ಕರೆಂಟು ಕಡಿಮೆ ತಿನ್ನುವಂತೆ ಮಾಡುತ್ತಾರೆ. ಒಳಗಿನ ವ್ಯವಸ್ಥೆಗೆ ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಅದನ್ನು ಒಂದು ಪೆನ್‌ಡ್ರೈವಿನಲ್ಲಿಟ್ಟು ತಾಳಿಯ ಸರಕ್ಕೆ ಪಿನ್ನಿನಿಂದ ಸಿಕ್ಕಿಸಿಕೊಂಡಿರುತ್ತಾರೆ, ಎಲ್ಲಿಟ್ಟರೂ ಕಳೆಯುತ್ತದೆಂದು. ಖರ್ಚೆಲ್ಲ ಡಿಸ್ಕಿನ ಮೇಲೆ. ಪ್ರತಿ ಪೆಟ್ಟಿಗೆಗೆ ಎರಡು ಡಿಸ್ಕು, ಎರಡರಲ್ಲೂ ಅದೇ ಚಿತ್ರ. ಒಂದು ಕೆಟ್ಟರೆ ಮುಂದುಗಡೆ ಕೆಂಪು ದೀಪ ಹತ್ತುತ್ತದೆ. ಇನ್ನೊಂದು ಕೆಲಸ ಮಾಡುತ್ತಿರುತ್ತದೆ.

"ಅಂಗಡ್ಯಾಗ ಹೊಸಾದು ತಗೊಂಡ್ರ ಎಮ್ಮಿ ಕೊಂಡಂಗ್ರಿ. ನಂದು ಆಡು," ಎನ್ನುತ್ತಾರೆ. "ಹಾಲು ಎರಡೂ ಕೊಡತಾವ. ಆಡು ಸ್ವಲ್ಪ ಒದರ್ತೈತಿ, ಅಷ್ಟಽ."

ತಿಂಗಳಿಗೆ ಮೂರೋ ನಾಲ್ಕೋ ಪೆಟ್ಟಿಗೆಗಳು ಹೋಗುತ್ತವೆ. ಹುಲಕೋಟಿ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯವರೇ ಹೆಚ್ಚು. ಪೆಟ್ಟಿಗೆ ಕಟ್ಟುವುದಕ್ಕಿಂತ ಕ್ಯಾಸೆಟ್ಟನ್ನು ಅದರೊಳಗೆ ಇಳಿಸುವುದೇ ದೊಡ್ಡ ಕೆಲಸ. ಮೂರು ತಾಸಿನ ಕ್ಯಾಸೆಟ್ಟಿಗೆ ಮೂರು ತಾಸು ಓಡಲೇಬೇಕು, ಅವಸರ ನಡೆಯುವುದಿಲ್ಲ. ಬೂಷ್ಟು ಹಿಡಿದ ರೀಲಾದರೆ ಮೊದಲು ಅದನ್ನು ಬಿಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಕರೆಂಟು ಹೋಗದ ದಿನ ಬೆಟಗೇರಿಯಲ್ಲಿ ಯಾವುದು ಎಂದು ಓಣಿಯವರು ನಗುತ್ತಾರೆ. ಅನ್ನಪೂರ್ಣ ನಗುವುದಿಲ್ಲ, ಮೀಟರಿನ ಕಡೆ ನೋಡುತ್ತಾರೆ.

ಅವರ ತವರು ಅಸುಂಡಿ. ಹತ್ತನೆಯ ತರಗತಿ ಮುಗಿಸಿ ಮದುವೆಯಾಗಿ ಬೆಟಗೇರಿಗೆ ಬಂದವರು. ಮಗ್ಗದ ಕೆಲಸ ಒಗ್ಗಲಿಲ್ಲ, ಹತ್ತಿಯ ಎಳೆಗೆ ಉಸಿರು ಕಟ್ಟುತ್ತಿತ್ತು. ಗದಗಿನ ಒಂದು ವಿಡಿಯೋ ಸ್ಟುಡಿಯೋದಲ್ಲಿ ಕಸ ಹೊಡೆಯಲು ಸೇರಿದರು. ಮಿಕ್ಸಿಂಗ್ ಮಾಡುವ ಹುಡುಗ ಕೆಲಸ ಬಿಟ್ಟ ದಿನ ಮಾಲಕರು ಇವರನ್ನೇ ಕುರ್ಚಿಯ ಮೇಲೆ ಕೂರಿಸಿದರು. ಆಗಿನ ಮದುವೆ ವಿಡಿಯೋ ನೋಡಿದವರಿಗೆ ಅವರ ಕೈಕೆಲಸ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ಕಮಲದ ಹೂವು ಅರಳಿ ಒಳಗಿಂದ ಮದುಮಕ್ಕಳು ಬರುವುದು, ಅಕ್ಷತೆ ಬೀಳುವಾಗ ಗುಲಾಬಿ ಎಸಳು ಉದುರುವುದು, ವರ ತಾಜಮಹಲಿನ ಮುಂದೆ ನಿಂತಂತೆ ಕಾಣುವುದು ಎಲ್ಲ ಆ ಕುರ್ಚಿಯಲ್ಲಿ ಆದದ್ದು.

ಚಿತ್ರದ ಜೊತೆಗಿನ ಸದ್ದನ್ನು ಮಾತ್ರ ಯಾರೂ ಉಳಿಸುತ್ತಿರಲಿಲ್ಲ. "ಡೊಳ್ಳು, ಮಂತ್ರ, ಹೆಣ್ಮಕ್ಕಳ ಹಾಡು, ಉಣ್ಣಾಕ ಕುಂತಾರ ಗದ್ಲ, ಎಲ್ಲಾ ತಗದು ಸಿನಿಮಾ ಹಾಡು ಹಚ್ಚತಿದ್ವಿ," ಎನ್ನುತ್ತಾರೆ. "ಮಂದಿ ಅದನ್ನಽ ಕೇಳ್ತಿದ್ರು. ಸಿನಿಮಾ ಹಾಡು ಇಲ್ಲಂದ್ರ ವಿಡಿಯೋ ಅರ್ಧಾ ಆಗೇತಿ ಅಂತ ತಿರುಗಿ ಕಳಸೋರು." ಮದುವೆಯೊಂದಕ್ಕೆ ಎರಡು ಕ್ಯಾಸೆಟ್ಟು. ಒಂದು ಹೆಣ್ಣಿನವರಿಗೆ, ಒಂದು ಗಂಡಿನವರಿಗೆ. ಇದು ಈ ಭಾಗದ ಎಲ್ಲ ಸ್ಟುಡಿಯೋಗಳ ರೂಢಿ.

ಕೈಕೈಗೆ ಮೊಬೈಲು ಬಂದ ಮೇಲೆ ಸ್ಟುಡಿಯೋ ಸೊರಗಿತು. ಮುಚ್ಚುವ ದಿನ ಮಾಲಕರು ಒಂದು ವಿಸಿಆರ್ ಮತ್ತು ಒಂದು ಕಂಪ್ಯೂಟರನ್ನು ಅನ್ನಪೂರ್ಣಕ್ಕನಿಗೆ ಕೊಟ್ಟು ಕೈಮುಗಿದರು. ಅವನ್ನು ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಿ, ಮೊಬೈಲಿನಲ್ಲಿ ಯಾರ್ಯಾರದೋ ವಿಡಿಯೋ ನೋಡಿ ಮೊದಲ ಪೆಟ್ಟಿಗೆ ಕಟ್ಟಿದರು. ಭಾಷೆ ತಿಳಿಯದ ವಿಡಿಯೋಗಳಲ್ಲಿ ಕೈ ಮಾತ್ರ ನೋಡುತ್ತಿದ್ದರಂತೆ. ಆಗ ಮನೆ ತುಂಬ ತಗಡು, ವೈರು. ಗುಜರಿ ಅಂಗಡಿ ಯಾವಾಗ ಇಟ್ಟಿ ಎಂದು ಎದುರುಮನೆಯ ಮಂಜವ್ವ ಕೇಳಿದರೆ, ನಿನ್ನ ಗಂಡನ್ನ ತಂದು ಹಾಕು, ತೂಕ ಮಾಡಿ ತಗೋತೀನಿ ಎಂದು ಇವರು ಹೇಳಿದ್ದನ್ನು ಓಣಿ ಇನ್ನೂ ನೆನೆಸುತ್ತದೆ.

ಶಿಗ್ಲಿಯ ಮನೆಗೆ ಪೆಟ್ಟಿಗೆ ಹೋದದ್ದು ಹೋದ ವರ್ಷ. ಹನಮಂತವ್ವನ ಸೊಸೆ, ವಿದ್ಯಾಶ್ರೀಯ ತಾಯಿ ರಾಮವ್ವ ಬಂದು ಮಾಡಿಸಿಕೊಂಡು ಹೋದರು. ಹನಮಂತವ್ವನ ಕಿರಿಯ ಮಗಳು ಅಮೃತವ್ವನ ಮದುವೆಯ ಕ್ಯಾಸೆಟ್ಟು ಅವರ ಹತ್ತಿರ ಇತ್ತು. ಇಪ್ಪತ್ತು ವರ್ಷದ ಹಿಂದೆ ಅದಕ್ಕೆ ಮಿಕ್ಸಿಂಗ್ ಮಾಡಿದ್ದು ಅನ್ನಪೂರ್ಣಕ್ಕನೇ. ನನ್ನ ಹಾಡು ತೆಗೆದರೆ ಕ್ಯಾಸೆಟ್ಟು ಮುಟ್ಟುವುದಿಲ್ಲ ಎಂದು ಆಗ ಹನಮಂತವ್ವ ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಿದ್ದರಂತೆ. ಹಾಗಾಗಿ ಹೆಣ್ಣಿನವರ ಕ್ಯಾಸೆಟ್ಟಿನಲ್ಲಿ ಸಿನಿಮಾ ಹಾಡು ಇರಲಿಲ್ಲ. ಅರಿಶಿನದ ಹಾಡು, ಮದುಮಕ್ಕಳಿಗೆ ನೀರೆರೆಯುವಾಗಿನ ಸುರಿಗೆ ನೀರಿನ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು ಎಲ್ಲ ಹನಮಂತವ್ವನ ದನಿಯಲ್ಲೇ ಇದ್ದವು.

ಪೆಟ್ಟಿಗೆ ಬಂದ ಮೇಲೆ ಆ ಮನೆಯಲ್ಲಿ ಮಧ್ಯಾಹ್ನಗಳು ಬದಲಾದವು. ವಿದ್ಯಾಶ್ರೀಯ ಮದುವೆ ಗೊತ್ತಾದ ಮೇಲಂತೂ ಓಣಿಯ ಹೆಂಗಸರು ಪಾತ್ರೆ ತೊಳೆದಿಟ್ಟು ನೇರ ಟಿವಿಯ ಮುಂದೆ ಬರುತ್ತಿದ್ದರು. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಹಾಡುವುದು. ಹನಮಂತವ್ವ ಹೊರಸಿನ ಮೇಲೆ ಕೂತಿರುತ್ತಿದ್ದರು. ತಪ್ಪಿದರೆ ಆಡುವ ಎಡಗೈ ಮೇಲೇಳುತ್ತಿತ್ತು. ಆ ಕೈ ಎದ್ದರೆ ಎಲ್ಲರೂ ಗಪ್ಪಾಗಿ ಮೊದಲಿನಿಂದ ಹಿಡಿಯುತ್ತಿದ್ದರು. ಮಾತಿದ್ದಾಗ ಬೈಯುತ್ತಿದ್ದಳು, ಈಗ ಕೈಯಿಂದ ಬೈಯುತ್ತಾಳೆ ಎಂದು ರಾಮವ್ವ ಹೇಳುತ್ತಾರೆ.

ಪೆಟ್ಟಿಗೆಯನ್ನು ರಾಮವ್ವ ಇಟ್ಟಿದ್ದು ದೇವರ ಜಗಲಿಯ ಮೇಲೆ. "ನಮ್ಮತ್ತಿ ದನಿ ಅದರಾಗ ಐತಿ," ಎನ್ನುತ್ತಾರೆ ಅವರು. "ಕಸಬರಗಿ ನಿಲ್ಸೋ ಮೂಲ್ಯಾಗ ಹೆಂಗ ಇಡ್ಲಿ ಹೇಳ್ರಿ?" ನವರಾತ್ರಿಗೆ ಅದೇ ಜಗಲಿಯ ಮೇಲೆ ಕಳಸ ಕೂರಿಸಿ ಘಟ್ಟ ಹಾಕಿದರು. ದೀಪ ಒಂಬತ್ತು ದಿನ ಆರಬಾರದು. ದೀಪದ ಕಾಡಿಗೆ ಪೆಟ್ಟಿಗೆಗೆ ಹತ್ತದಿರಲೆಂದು ಅದಕ್ಕೆ ಹೊಸ ಕುಪ್ಪಸದ ಖಣ ಹೊದಿಸಿದರು, ಸುತ್ತಲೂ ಅಚ್ಚುಕಟ್ಟಾಗಿ ಸಿಕ್ಕಿಸಿದರು. ಒಳಗಿನ ಬಿಸಿ ಒಳಗೇ ನಿಂತಿತು. ಒಂದು ಡಿಸ್ಕು ಕೆಟ್ಟು ಕೆಂಪು ದೀಪ ಹತ್ತಿರಬೇಕು. ಅದು ಖಣದ ಅಡಿಯಲ್ಲಿ ಯಾರಿಗೂ ಕಾಣಲಿಲ್ಲ. ಬನ್ನಿ ಕೊಡುವ ದಿನ ಖಣ ತೆಗೆದಾಗ ಎರಡನೆಯದೂ ಸತ್ತಿತ್ತು. ಪೆಟ್ಟಿಗೆಯ ತಗಡು ಮುಟ್ಟಲಾಗದಷ್ಟು ಕಾದಿತ್ತಂತೆ.

"ಗಾಳಿ ಆಡಬೇಕು ಅಂತ ಹೇಳಿದ್ದೆ," ಎನ್ನುತ್ತಾರೆ ಅನ್ನಪೂರ್ಣ. ಸ್ಕ್ರೂಡ್ರೈವರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತಾರೆ. "ಜಗಲಿ ಮ್ಯಾಲಿಂದ ಇಳಸ್ರಿ ಅನ್ನಾಕ ಬಾಯಿ ಬರಲಿಲ್ಲ. ಅಷ್ಟು ಅಕ್ಕರತಿಲೆ ಇಟ್ಟಿದ್ರು."

ಮೂಲ ಕ್ಯಾಸೆಟ್ಟು ಇದ್ದಿದ್ದರೆ ಚಿಂತೆ ಇರಲಿಲ್ಲ. ಅದನ್ನು ಕೇಳಿದಾಗ ರಾಮವ್ವನ ಗಂಡ ಸಕ್ರಪ್ಪ ತಲೆ ಕೆರೆದುಕೊಂಡರು. ಚಿತ್ರ ಹೇಗೂ ಪೆಟ್ಟಿಗೆ ಸೇರಿತಲ್ಲ ಎಂದು ಹೋದ ಹಿಂಗಾರಿನಲ್ಲಿ ಅವರು ಕ್ಯಾಸೆಟ್ಟು ಒಡೆದು ರೀಲು ತೆಗೆದು ಬಿಳಿಜೋಳದ ಹೊಲಕ್ಕೆ ಅಡ್ಡಡ್ಡ ಕಟ್ಟಿದ್ದರು. ತೆನೆ ಹಾಲುಗಾಳಾದಾಗ ಈ ಕಡೆಯ ರೈತರು ಹಾಗೆ ಕಟ್ಟುತ್ತಾರೆ. ಗಾಳಿಗೆ ರೀಲು ಮಿರಮಿರ ಹೊಳೆದು ಗುಂಯ್ ಎನ್ನುತ್ತದೆ, ಹಕ್ಕಿ ಹತ್ತಿರ ಬರುವುದಿಲ್ಲ. ಸುಗ್ಗಿಯಾದ ಮೇಲೆ ಅದು ಕಣಿಕೆಯ ಒಣದಂಟಿನ ಜೊತೆ ಎಲ್ಲಿ ಹೋಯಿತೋ. ಆ ವರ್ಷ ಹಕ್ಕಿಯ ಕಾಟ ಖರೆ ಕಡಿಮೆ ಇತ್ತು ಎಂದು ಸಕ್ರಪ್ಪ ಹೇಳಿದ್ದಕ್ಕೆ ರಾಮವ್ವ ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ಡಿಸ್ಕುಗಳನ್ನು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ತೋರಿಸಿಯೂ ಆಯಿತು. ಒಳಗಿನ ತಟ್ಟೆಗೇ ಗೀರು ಬಿದ್ದಿದೆ, ಏನೂ ಬರುವುದಿಲ್ಲ ಎಂದು ಚೀಟಿ ಹಚ್ಚಿ ತಿರುಗಿ ಕಳಿಸಿದರು. ಆದರೂ ಅನ್ನಪೂರ್ಣ ಬೆಳಗಾಗೆದ್ದು ಅವನ್ನು ಕಿವಿಗೆ ಹಿಡಿಯುವುದು ಬಿಟ್ಟಿಲ್ಲ.

ಉಳಿದಿರುವುದು ಒಂದೇ ದಾರಿ, ಗಂಡಿನವರ ಕ್ಯಾಸೆಟ್ಟು. ಅದು ಮುಂಡರಗಿಯಲ್ಲಿದೆ, ಇದ್ದರೆ. ಆದರೆ ಅಮೃತವ್ವ ಆ ಮನೆ ಬಿಟ್ಟು ಬಂದು ಬಹಳ ವರ್ಷಗಳಾದವು. ಕೋರ್ಟಿನಲ್ಲಿ ಬಗೆಹರಿದ ಮೇಲೆ ಎರಡೂ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಲ್ಲ. ಇನ್ನೊಂದು ತೊಡಕೂ ಇದೆ. ಗಂಡಿನವರ ಕ್ಯಾಸೆಟ್ಟಿಗೆ ರೂಢಿಯಂತೆ ಸಿನಿಮಾ ಹಾಡು ಹಚ್ಚಿದ್ದು ಅನ್ನಪೂರ್ಣಕ್ಕನಿಗೆ ನೆನಪಿದೆ. ಎಷ್ಟು ಹಚ್ಚಿದ್ದರು, ಎಲ್ಲಿ ಬಿಟ್ಟಿದ್ದರು ಎಂಬುದು ನೆನಪಿಲ್ಲ. ಅಂಥ ಮದುವೆಗಳು ದಿನಕ್ಕೊಂದು ಅವರ ಕೈಯಲ್ಲಿ ದಾಟಿವೆ.

ಶಿಗ್ಲಿಯ ಪಡಸಾಲೆಯಲ್ಲಿ ಅನ್ನಪೂರ್ಣ ಮುಂಡರಗಿಗೆ ಹೋಗುವ ಮಾತು ಎತ್ತುತ್ತಾರೆ. ಸಕ್ರಪ್ಪ ಎದ್ದು ದನದ ಕಡೆ ಹೋಗುತ್ತಾರೆ. ಅಮೃತವ್ವ ಕಿಟಕಿಯ ಹತ್ತಿರ ಹೊಲಿಗೆ ಮಿಷನ್ ತುಳಿಯುತ್ತಿದ್ದಾರೆ. ಓಣಿಯ ಕುಪ್ಪಸಗಳೆಲ್ಲ ಅವರ ಕೈಯಲ್ಲಿ ಆಗುವುದು. ತುಳಿಯುವುದನ್ನು ನಿಲ್ಲಿಸದೆ ಹೇಳುತ್ತಾರೆ: "ಹೋಗ್ರಿ. ಯಾರ ಕಡಿಂದ ಬಂದಿ ಅಂದ್ರ ನನ್ನ ಹೆಸರಽ ಹೇಳ್ರಿ. ಕದ್ದು ಕೇಳೋದು ಬ್ಯಾಡ."

ಮರುದಿನ ಮುಂಜಾನೆಯ ಬಸ್ಸಿಗೆ ಅನ್ನಪೂರ್ಣ ಮುಂಡರಗಿಗೆ ಹೊರಡುತ್ತಾರೆ. ಕಿಟಕಿಯ ಸೀಟು ಸಿಕ್ಕರೂ ಕೂರಲಾಗದೆ ದಾರಿಯ ಅರ್ಧ ನಿಂತೇ ಇರುತ್ತಾರೆ. ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ತುಟಿ ಆಡುತ್ತಿರುತ್ತದೆ.

ಅಮೃತವ್ವನ ಮಾವನಾಗಿದ್ದ ಬೀರಲಿಂಗಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಉಳ್ಳಾಗಡ್ಡಿ ಹಸನು ಮಾಡಿಸುತ್ತಿದ್ದಾರೆ. ಎಂಬತ್ತರ ಹತ್ತಿರದ ಎತ್ತರದ ಆಳು. ಮುಖದಲ್ಲಿ ಮೊದಲು ಕಾಣುವುದು ಮೂಗು. ಸುತ್ತ ನಾಲ್ಕೈದು ಹೆಣ್ಣಾಳುಗಳು ಕುಡುಗೋಲಿನಿಂದ ಸೊಪ್ಪು ಕೊಯ್ಯುತ್ತಿದ್ದಾರೆ. ಯಾವ ಸರ್ವೇಕ್ಕೆ ಬಂದೀರಿ ಎಂದು ಬೀರಲಿಂಗಪ್ಪ ಕೇಳುತ್ತಾರೆ.

"ಸರ್ವೇಕ್ಕಲ್ರಿ. ಶಿಗ್ಲಿ ಅಮೃತವ್ವ ಕಳಸ್ಯಾಳ."

ಕುಡುಗೋಲುಗಳು ನಿಲ್ಲುತ್ತವೆ. ಒಳಗೆ ಪಾತ್ರೆಯ ಸದ್ದೂ ನಿಲ್ಲುತ್ತದೆ. ಆ ಮನೆಯ ಮಾತು ಈ ಕಟ್ಟೆಯ ಮೇಲೆ ಬೇಡ ಎಂದು ಹೇಳಿ ಬೀರಲಿಂಗಪ್ಪ ಮುಖ ತಿರುಗಿಸುತ್ತಾರೆ. ಅನ್ನಪೂರ್ಣ ಹೋಗುವುದಿಲ್ಲ. ಕಟ್ಟೆಯ ಕೆಳಗೆ ಕೂತು, ಯಾರೂ ಕೇಳದಿದ್ದರೂ, ಖಣದ ಕಥೆ, ಹೊಲದ ರೀಲಿನ ಕಥೆ ಹೇಳುತ್ತಾರೆ. ರೀಲಿನ ಕಥೆಗೆ ಆಳುಗಳು ಸೆರಗಿನಲ್ಲಿ ನಗುತ್ತಾರೆ. ಹನಮಂತವ್ವನಿಗೆ ಮಾತು ಹೋಗಿದೆ ಎಂಬಲ್ಲಿಗೆ ಬಂದಾಗ ಬೀರಲಿಂಗಪ್ಪ ತಿರುಗುತ್ತಾರೆ.

"ಬಾಯಿ ಬಿದ್ದೈತಿ? ಆಕೀದು?"

"ಎರಡು ವರ್ಷ ಆತ್ರಿ."

ಅವರು ಕೈಯಲ್ಲಿದ್ದ ಉಳ್ಳಾಗಡ್ಡಿಯ ಸಿಪ್ಪೆ ಸುಲಿಯುತ್ತಾರೆ. ಆಮೇಲೆ ಯಾರಿಗೋ ಹೇಳುವಂತೆ ಹೇಳುತ್ತಾರೆ: "ನೂರಾರು ಮಂದಿ ಮುಂದ ನನ್ನ ಮೂಗಿಗಿ ಏನಂದ್ಲು ಗೊತ್ತೇನು ನಿನಗ? ಬೀಗರ ಮೂಗು ಕೂರಿಗಿ, ಶೀನಿದ್ರ ನಾಕು ಸಾಲು ಬಿತ್ತಿಗಿ. ಅಲ್ಲಿಂದ ಇಲ್ಲೀತನಕ ಈ ಊರಾಗ ನನಗ ಕೂರಿಗಿ ಬೀರಪ್ಪ ಅಂತಾರ."

ಆಳುಗಳಲ್ಲಿ ಒಬ್ಬಾಕೆಗೆ ತಡೆಯಲಾಗುವುದಿಲ್ಲ. ನಗುತ್ತೀಯಾ, ನಗು ನಗು ಎಂದು ಅವಳ ಕಡೆ ಉಳ್ಳಾಗಡ್ಡಿ ಎಸೆದು ಮುದುಕ ಎದ್ದು ಒಳಗೆ ಹೋಗುತ್ತಾರೆ. ಬಹಳ ಹೊತ್ತು ಬರುವುದಿಲ್ಲ. ಅಟ್ಟದ ಮೇಲೆ ಏನೇನೋ ಸರಿಸುವ ಸದ್ದು, ಈಗಿನ ಸೊಸೆಯ ಗೊಣಗು ಕೇಳುತ್ತದೆ. ಹೊರಗೆ ಬಂದಾಗ ತಲೆಗೆ ರುಮಾಲು ಸುತ್ತಿದ್ದಾರೆ, ಕಾಲಲ್ಲಿ ಚಪ್ಪಲಿ ಇದೆ, ಕಂಕುಳಲ್ಲಿ ಕ್ಯಾಸೆಟ್ಟಿನ ಕೈಚೀಲ.

"ಇದನ್ನ ಕೈಗೆ ಕೊಡಂಗಿಲ್ಲ," ಎನ್ನುತ್ತಾರೆ. "ನಾನೂ ಬರತೀನಿ ನಡಿ."

ಬಸ್ಸಿನಲ್ಲಿ ಅವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿರುತ್ತಾರೆ. ಕಪ್ಪತಗುಡ್ಡದ ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತಾರೆ. ಬಸ್ಸು ಡಂಬಳ ದಾಟುತ್ತದೆ. ಆಮೇಲೆ ಆ ಹುಡುಗಿ ಈಗ ಏನು ಮಾಡುತ್ತಾಳೆ ಎಂದು ಕೇಳುತ್ತಾರೆ. ಕುಪ್ಪಸ ಹೊಲಿಯುತ್ತಾಳೆ ಎಂದರೆ ತಲೆ ಆಡಿಸುತ್ತಾರೆ. ಕೈ ಚಲೋ ಇತ್ತು ಆಕೆಯದು ಎಂದು ಕಿಟಕಿಗೆ ಹೇಳುತ್ತಾರೆ.

ಬೆಟಗೇರಿಯ ಕೋಣೆಯಲ್ಲಿ ಅವರಿಗೆ ಕುರ್ಚಿ ಹಾಕಿ ಅನ್ನಪೂರ್ಣ ಕ್ಯಾಸೆಟ್ಟು ಬಿಚ್ಚುತ್ತಾರೆ. ಅಂಚಿಗೆ ಬಿಳಿ ಬೂಷ್ಟು. ಒರೆಸಲು ತಾಸುಗಟ್ಟಲೆ ಹಿಡಿಯುತ್ತದೆ. ಮುದುಕ ಅಲ್ಲಾಡದೆ ಅವರ ಬೆರಳನ್ನೇ ನೋಡುತ್ತಾರೆ. ಚಹಾ ತಂದುಕೊಟ್ಟ ಕಳಕೇಶ ಬಾಗಿಲಲ್ಲೇ ನಿಲ್ಲುತ್ತಾರೆ. ಕರೆಂಟು ಇದೆ. ಯಾರೂ ಆ ಮಾತು ಆಡುವುದಿಲ್ಲ.

ಚಿತ್ರ ಮೂಡುತ್ತದೆ. ಕಮಲ ಅರಳುತ್ತದೆ. ಅರಿಶಿನ ಹಚ್ಚುವ ಹೊತ್ತು. ಐವತ್ತರ ಹನಮಂತವ್ವ ಹೆಂಗಸರ ನಡುವೆ ಕೂತು ಕುತ್ತಿಗೆಯ ನರ ಉಬ್ಬುವಂತೆ ಹಾಡುತ್ತಿದ್ದಾರೆ. ಕೇಳಿಸುವುದು ಮಾತ್ರ ಒಂದು ಸಿನಿಮಾ ಹಾಡು, ಯಾವನೋ ಗಂಡಸಿನ ದನಿ. ಹನಮಂತವ್ವನ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಆ ದನಿಗೂ ಅದಕ್ಕೂ ಹೊಂದುವುದಿಲ್ಲ. ಅನ್ನಪೂರ್ಣ ಸದ್ದಿನ ಗುಂಡಿ ತಿರುಗಿಸುತ್ತಾರೆ, ತಂತಿ ಬದಲಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ. ಅಡಿಯಲ್ಲಿ ಏನೂ ಇಲ್ಲ. ಸುರಿಗೆಯ ನೀರು ಬರುತ್ತದೆ. ಅಲ್ಲೂ ಸಿನಿಮಾ ಹಾಡು. ಇವೆರಡೂ ಹೋದವು. ಅವರು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ.

"ಕುಂಡ್ರವಾ," ಎನ್ನುತ್ತಾರೆ ಬೀರಲಿಂಗಪ್ಪ. "ಇನ್ನೂ ನಂದು ಬಂದಿಲ್ಲ."

ಊಟದ ಪಂಕ್ತಿ ಬರುತ್ತದೆ. ಸಿನಿಮಾ ಹಾಡು ಕತ್ತರಿಸಿದಂತೆ ನಿಂತು, ಒಮ್ಮೆಲೇ ಎಲೆಗಳ ಸದ್ದು, ಮಕ್ಕಳ ಅಳು, ಗದ್ದಲ ಕೋಣೆ ತುಂಬುತ್ತದೆ. ಅದನ್ನೆಲ್ಲ ಸೀಳಿಕೊಂಡು ಹನಮಂತವ್ವನ ದನಿ ಏಳುತ್ತದೆ. ಬೀಗರ ಮೂಗು ಕೂರಿಗಿ. ಹೆಂಗಸರು ಹಿಂದಿನಿಂದ ಎತ್ತಿಕೊಳ್ಳುತ್ತಾರೆ. ಪಂಕ್ತಿಯಲ್ಲಿ ಕೂತ ಬೀರಲಿಂಗಪ್ಪ, ಇನ್ನೂ ಕರಿಮೀಸೆಯವರು, ಹೋಳಿಗೆ ಕೈಯಲ್ಲಿ ಹಿಡಿದು ಮೂಗು ಮುಚ್ಚಿಕೊಳ್ಳುತ್ತಾರೆ. ಹಾಡು ಬಿಡುವುದಿಲ್ಲ. ಬೀಗರ ರುಮಾಲು, ಬೀಗರ ಎತ್ತು, ಬೀಗರ ಊರಿನ ಉಪ್ಪುನೀರು, ಒಂದಾದ ಮೇಲೆ ಒಂದು, ಪಂಕ್ತಿ ಏಳುವ ತನಕ ನಡೆಯುತ್ತದೆ.

ಕುರ್ಚಿಯ ಮೇಲಿನ ಮುದುಕನ ಹೆಗಲು ಅಲ್ಲಾಡುತ್ತಿದೆ. ನಗುತ್ತಿದ್ದಾರೋ ಇಲ್ಲವೋ ಬಾಗಿಲಿನಿಂದ ತಿಳಿಯುವುದಿಲ್ಲ. ಆಗ ಸ್ಟುಡಿಯೋಕ್ಕೆ ಬಂದು ಇದೊಂದು ತೆಗೆಯಬೇಡಿ ಎಂದು ತಾವೇ ಹೇಳಿ ಹೋಗಿದ್ದನ್ನು ಅವರು ನೆನಪಿಸುತ್ತಾರೆ. ಅನ್ನಪೂರ್ಣಕ್ಕನಿಗೆ ಆ ದಿನ ನೆನಪಿಲ್ಲ. ಯಾಕೆ ತೆಗೆಯಬೇಡಿ ಎಂದಿರಿ ಎಂದು ಕೇಳುತ್ತಾರೆ.

"ಬೀಗತಿ ಬಾಯಾಗ ಬೈಸಿಕೊಳ್ಳೋದು ಎಲ್ಲಾರಿಗೂ ಸಿಗತೈತೇನವಾ," ಎನ್ನುತ್ತಾರೆ. ಹೊರಡುವಾಗ ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮೊಮ್ಮಗನ ಮೊಬೈಲಿನಲ್ಲೂ ಹಾಕಿಕೊಡು ಎಂದು ಕೇಳಿ ಒಂದು ಸಣ್ಣ ಮೆಮೊರಿ ಕಾರ್ಡನ್ನು ರುಮಾಲಿನ ತುದಿಗೆ ಗಂಟು ಕಟ್ಟಿಕೊಂಡು ಬಸ್ಸು ಹತ್ತುತ್ತಾರೆ.

ಆ ವಾರದಿಂದ ಅನ್ನಪೂರ್ಣ ತಮ್ಮ ಕೆಲಸದ ಪದ್ಧತಿ ಬದಲಿಸಿದ್ದಾರೆ. ಪೆಟ್ಟಿಗೆ ಮಾಡಿಸಲು ಬಂದವರಿಗೆ ಮೊದಲು ಕೇಳುವುದು ನಿಮ್ಮ ಬೀಗರು ಯಾವ ಊರು ಎಂದು. ಪೆಟ್ಟಿಗೆಯಲ್ಲಿ ಎರಡು ಡಿಸ್ಕು ಇದ್ದರೂ ಮನೆಯ ಚಿತ್ರಗಳ ಇನ್ನೊಂದು ಪ್ರತಿ ಬೀಗರ ಮನೆಯಲ್ಲಿ ಇರಲೇಬೇಕು ಎನ್ನುತ್ತಾರೆ. ಬೀಗರ ಜೊತೆ ಮಾತಿಲ್ಲ ಎಂದವರಿಗೂ ಬಿಡುವುದಿಲ್ಲ. "ಎರಡು ಡಿಸ್ಕ್ ಒಂದಽ ಖಣದಾಗ ಕಾದ್ರ ಅವು ಎರಡಲ್ರಿ, ಒಂದಽ," ಎನ್ನುತ್ತಾರೆ. ಪೆಟ್ಟಿಗೆಯ ಮುಂದಿದ್ದ ಕೆಂಪು ದೀಪದ ಜೊತೆಗೆ ಈಗ ಬಡಿದುಕೊಳ್ಳುವ ಗಂಟೆಯೊಂದನ್ನೂ ಕೂರಿಸುತ್ತಾರೆ.

ಶಿಗ್ಲಿಗೆ ಹೊಸ ಡಿಸ್ಕು ಒಯ್ದ ಮಧ್ಯಾಹ್ನ ಓಣಿಯ ಹೆಂಗಸರು ಮೊದಲೇ ಬಂದು ಕೂತಿದ್ದಾರೆ. ಮೂರರಲ್ಲಿ ಒಂದೇ ಸಿಕ್ಕಿದೆ ಎಂದು ಅನ್ನಪೂರ್ಣ ನಿಂತುಕೊಂಡೇ ಹೇಳಿಬಿಡುತ್ತಾರೆ. ಅರಿಶಿನದ ಹಾಡನ್ನು ದಸರೆಗೆ ಮೊದಲೇ ಅರ್ಧ ಕಲಿತಿದ್ದೇವೆ, ಆ ಅರ್ಧವನ್ನೇ ಎರಡು ಸಲ ಹಾಡಿದರಾಯಿತು ಎಂದು ರಾಮವ್ವ ಸಮಾಧಾನ ಮಾಡುತ್ತಾರೆ. ಸುರಿಗೆಯ ಹಾಡಿನ ಮಾತು ಯಾರೂ ಎತ್ತುವುದಿಲ್ಲ.

ಟಿವಿಯಲ್ಲಿ ಕಮಲ ಅರಳಿ ಮದುಮಗಳು ಬರುತ್ತಾಳೆ. ಎಲ್ಲರ ಕಣ್ಣುಗಳು ಪರದೆಯಿಂದ ಸರಿದು ಹೊಲಿಗೆ ಮಿಷನ್ನಿನ ಕಡೆ ಹೋಗುತ್ತವೆ. ಅಮೃತವ್ವ ದಾರ ಕಡಿದು ತಲೆ ಎತ್ತಿ ಪರದೆಯ ಮೇಲಿನ ತಮ್ಮನ್ನೇ ಒಂದು ಗಳಿಗೆ ನೋಡುತ್ತಾರೆ.

"ಬಾಸಿಂಗ ಸೊಟ್ಟ ಆಗೇತಿ ನೋಡ್ರಿ," ಎನ್ನುತ್ತಾರೆ. "ಅವತ್ತಽ ತಿಳಿಬೇಕಿತ್ತು."

ಮೊದಲು ನಗುವುದು ವಿದ್ಯಾಶ್ರೀ. ಆಮೇಲೆ ಎಲ್ಲರೂ. ಬೀರಲಿಂಗಪ್ಪ ಬಸ್ಸಿನಲ್ಲಿ ವಿಚಾರಿಸಿದ್ದನ್ನು, ಕೈ ಚಲೋ ಇತ್ತು ಎಂದದ್ದನ್ನು ಅನ್ನಪೂರ್ಣ ಅಮೃತವ್ವನ ಹತ್ತಿರ ಹೋಗಿ ಮೆಲ್ಲಗೆ ಹೇಳುತ್ತಾರೆ. ಅಮೃತವ್ವ ಸೂಜಿಗೆ ದಾರ ಪೋಣಿಸುತ್ತಾರೆ. ಮಿಷನ್ ತುಳಿಯುತ್ತಾರೆ, ಸ್ವಲ್ಪ ಜೋರಾಗಿ.

ಪಂಕ್ತಿಯ ಹಾಡು ಬಂದಾಗ ಹೊರಸಿನ ಮೇಲಿನ ಹನಮಂತವ್ವ ತಮ್ಮ ದನಿಗೆ ಕಿವಿಗೊಟ್ಟು ಎಡಗೈಯಿಂದ ಮೊಳಕಾಲ ಮೇಲೆ ತಾಳ ಹಾಕುತ್ತಾರೆ. ಹೆಂಗಸರು ಸಾಲು ಹಿಡಿಯುತ್ತಾರೆ. ಸಂಜೆಯೊಳಗೆ ಹಾಡು ಬಾಯಿಗೆ ಬರುತ್ತದೆ. ಆಗ ಒಂದು ಪೇಚು ಎದುರಾಗುತ್ತದೆ. ವಿದ್ಯಾಶ್ರೀಯ ಬೀಗರು ಲಕ್ಷ್ಮೇಶ್ವರದವರು. ಆ ಮಾವನ ಮೂಗು ಸಣ್ಣದು, ಕೂರಿಗೆ ಎನ್ನಲು ಬರುವುದಿಲ್ಲ. ಹೊಟ್ಟೆ ಎಂದು ಒಬ್ಬರು, ನಡಿಗೆ ಎಂದು ಒಬ್ಬರು ಜಗಳಾಡುತ್ತಿದ್ದಾಗ ಹನಮಂತವ್ವನ ಕೈ ಮೇಲೇಳುತ್ತದೆ. ಎಲ್ಲರೂ ಗಪ್ಪಾಗುತ್ತಾರೆ. ಆ ಕೈ ತಮ್ಮದೇ ಕಿವಿಯ ಹತ್ತಿರ ಹೋಗಿ, ಕಿವಿಯನ್ನು ಮುಂದಕ್ಕೆ ಮಡಚಿ, ಮೊರದಿಂದ ಕಾಳು ಕೇರುವಂತೆ ಮೇಲೆ ಕೆಳಗೆ ಆಡುತ್ತದೆ.

"ಬೀಗರ ಕಿವಿ ಮೊರ!" ಎಂದು ರಾಮವ್ವ ಕೂಗುತ್ತಾರೆ. ಮುಂದಿನ ಸಾಲು ಎಲ್ಲಿಂದಲೋ ಇನ್ನೊಬ್ಬರು ತರುತ್ತಾರೆ, ಬೀಸಿದ್ರ ಜ್ವಾಳ ಹಸನ. ಹನಮಂತವ್ವನ ಅರ್ಧ ಮುಖ ಅಲ್ಲಾಡುವುದಿಲ್ಲ. ಇನ್ನರ್ಧ ನಗುತ್ತದೆ.

ಅನ್ನಪೂರ್ಣ ವೈರು ಸುತ್ತಿ ಚೀಲಕ್ಕೆ ಹಾಕುತ್ತಾರೆ. ಗದಗಿನ ಬಸ್ಸಿಗೆ ಹೊತ್ತಾಗಿದೆ, ಆದರೂ ಬಾಗಿಲಲ್ಲಿ ನಿಂತು ಹಾಡು ಕೇಳುತ್ತಾರೆ. ಇಷ್ಟು ದಿನದಲ್ಲಿ ಮೊದಲ ಸಲ ಅವರ ಕೈಗಳು ಸುಮ್ಮನಿವೆ. ಕೂಲಿಯ ಹೊರತು ನಿಮಗೆ ಇನ್ನೇನು ಕೊಡಲಿ, ಒಂದು ಸೀರೆಯಾದರೂ ಉಡಿಸುತ್ತೇನೆ ಎಂದು ರಾಮವ್ವ ಸೆರಗು ಹಿಡಿದು ಜಗ್ಗುತ್ತಾರೆ.

"ಸೀರಿ ಬ್ಯಾಡ್ರಿ," ಎನ್ನುತ್ತಾರೆ ಅನ್ನಪೂರ್ಣ. "ಲಗ್ನದ ದಿನ ವಿಡಿಯೋದಾವಗ ಒಂದು ಮಾತು ಹೇಳ್ರಿ. ಚಂದ ಮಾಡಾಕ ಹೋಗಬ್ಯಾಡ ಅಂತ. ಬಾಯಿ ಯಾರದು ಆಡತೈತೋ, ದನಿನೂ ಅವರದಽ ಇರಲಿ."